ಬಿಲ್ಲಿನ ಮೇಲೆ ಯಾರ ಹೆಸರು?

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬುದು ನಮ್ಮ ಹಿರಿಯರ ಗಾದೆ. ನಮ್ಮ ಸಂಘದ ಸ್ಮರಣ ಸಂಚಿಕೆಯಲ್ಲಿ ವೈದ್ಯ ಮಿತ್ರರು ಪ್ರತಿವರ್ಷವೂ ರಕ್ತದೊತ್ತಡ, ಮಧುಮೇಹ, ಮೊಣಕಾಲು ನೋವು ಮುಂತಾದವುಗಳನ್ನು ಕುರಿತು ಬರೆದು ಈ ಗಾದೆಯ ಮೊದಲರ್ಧವನ್ನು ನಮಗೆ ಮನದಟ್ಟು ಮಾಡಿಕೊಡುತ್ತ ಬಂದಿದ್ದಾರೆ. ವಾಣಿಜ್ಯಶಾಸ್ತ್ರದ ಪದವೀಧರನಾಗಿ ಇಪ್ಪತ್ತೆರಡು ವರ್ಷಗಳಿಂದ ಬ್ಯಾಂಕಿನ ಕೌಂಟರಿನ ಒಳಬದಿಯಲ್ಲಿ ಕುಳಿತಿರುವ ನನಗೆ ನಾಡಿ ಹಿಡಿದು ನೋಡುವ ವಿದ್ಯೆ ತಿಳಿಯದು. ಆದರೆ ಒಂದು ಮನೆಗೆ ಬರುವ ಬಿಲ್ಲುಗಳನ್ನು ಮೇಜಿನ ಮೇಲೆ ಹರಡಿದರೆ ಆ ಮನೆಯ ಆರೋಗ್ಯ ಹೇಗಿದೆಯೆಂದು ತಕ್ಕಮಟ್ಟಿಗೆ ಹೇಳಬಲ್ಲೆ. ಅದಕ್ಕೆ ನಾನು ಮೊದಲು ನೋಡುವುದು ಬಿಲ್ಲಿನ ಮೇಲಿರುವ ಹೆಸರನ್ನು. ಈ ಪಾಠವನ್ನು ನಾನು ಮುಂಬಯಿಯ ಶಾಖೆಯಲ್ಲಿ ಕಲಿಯಲಿಲ್ಲ. ಪರದೇಶದಲ್ಲಿ ಸಂಸಾರ ಹೂಡಿದಾಗ, ನನ್ನದೇ ಮನೆಯಲ್ಲಿ, ತಡವಾಗಿ ಕಲಿತೆ.

2016ರ ಆಗಸ್ಟ್ ತಿಂಗಳಿನಲ್ಲಿ ನಮ್ಮ ಬ್ಯಾಂಕಿನ ಲಂಡನ್ ಶಾಖೆಗೆ ನನ್ನ ವರ್ಗವಾಯಿತು. ಹೆಂಡತಿ ಮತ್ತು ಏಳು ವರ್ಷದ ಮಗಳೊಡನೆ ಹೋಗಿ ಇಳಿದೆ. ಬಾಡಿಗೆ ಮನೆಯನ್ನು ತೋರಿಸಿದ ದಲಾಲರು, ಸ್ಥಳೀಯ ಬ್ಯಾಂಕೊಂದರಲ್ಲಿ ನಿಮ್ಮ ಖಾತೆ ಇರಬೇಕು ಎಂದರು. ಖಾತೆ ತೆರೆಯಲು ಹೋದರೆ, ವಾಸದ ವಿಳಾಸಕ್ಕೆ ಪುರಾವೆಯಾಗಿ ಒಂದು ಬಿಲ್ಲನ್ನು ತನ್ನಿ ಎಂದರು. ಮನೆಯಿಲ್ಲದೆ ಬಿಲ್ಲಿಲ್ಲ, ಬಿಲ್ಲಿಲ್ಲದೆ ಖಾತೆಯಿಲ್ಲ, ಖಾತೆಯಿಲ್ಲದೆ ಮನೆಯಿಲ್ಲ. ಮುಂಬಯಿಯಲ್ಲಿದ್ದಾಗ ಇದೇ ಪ್ರಶ್ನೆಯನ್ನು ಕೇಳಿ ಎಷ್ಟು ಮಂದಿ ತರಕಾರಿ ಮಾರುವವರನ್ನು, ಹೋಟೆಲ್ ಹುಡುಗರನ್ನು ನಾನು ಹಿಂದಕ್ಕೆ ಕಳುಹಿಸಿದ್ದೆನೋ ಲೆಕ್ಕವಿಲ್ಲ. ಆ ದಿನ ಕೌಂಟರಿನ ಹೊರಬದಿಯಲ್ಲಿ ನಿಂತಾಗ ಅವರ ಮುಖಗಳೆಲ್ಲ ನೆನಪಾದವು. ಕೊನೆಗೆ ಕಚೇರಿಯ ಪತ್ರವೊಂದರ ಬಲದಿಂದ ಕೆಲಸವಾಯಿತು.

ಆ ದೇಶದ ಗೃಹಕೃತ್ಯದ ಲೆಕ್ಕ ನಮ್ಮದಕ್ಕಿಂತ ಬೇರೆ. ಅಲ್ಲಿ ಕೌನ್ಸಿಲ್ ತೆರಿಗೆ ಎಂಬುದೊಂದಿದೆ. ನಮ್ಮ ಮನೆಗಂದಾಯದಂತೆ ಕಂಡರೂ ಅದನ್ನು ಸಾಮಾನ್ಯವಾಗಿ ಕೊಡಬೇಕಾದವನು ಮಾಲೀಕನಲ್ಲ, ಮನೆಯಲ್ಲಿ ವಾಸಿಸುವವನು. ಇಂಗ್ಲೆಂಡಿನಲ್ಲಿ ಇಂದಿಗೂ ಅದರ ದರ್ಜೆಯನ್ನು ನಿರ್ಧರಿಸುವುದು 1991ರಲ್ಲಿ ಆ ಮನೆಗಿದ್ದ ಬೆಲೆಯ ಮೇಲೆ. ಏಪ್ರಿಲಿನಿಂದ ಜನವರಿಯವರೆಗೆ ಹತ್ತು ಕಂತುಗಳಲ್ಲಿ ಕಟ್ಟುವುದು ವಾಡಿಕೆ. ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಹಣ ಕೇಳದಿದ್ದುದನ್ನು ಕಂಡು ತೆರಿಗೆಯೇ ಮುಗಿಯಿತೆಂದು ಹಿಗ್ಗುವ ಹೊಸಬರುಂಟು. ದೂರದರ್ಶನದ ನೇರ ಪ್ರಸಾರವನ್ನು ನೋಡಬೇಕಾದರೆ ಪರವಾನಗಿ ಬೇಕು; 2025ರ ಏಪ್ರಿಲಿನಲ್ಲಿ ಅದರ ವಾರ್ಷಿಕ ಶುಲ್ಕ 174 ಪೌಂಡ್ 50 ಪೆನ್ಸ್ ಆಯಿತು. ವಿದ್ಯುತ್ತು ಮತ್ತು ಅನಿಲದ ವಿಷಯದಲ್ಲಂತೂ ಬೀಗದ ಕೈ ಪಡೆದ ದಿನವೇ ಮೀಟರಿನ ಅಂಕಿಗಳನ್ನು ಬರೆದಿಟ್ಟು, ಚಿತ್ರ ತೆಗೆದು, ಕಂಪನಿಗೆ ತಿಳಿಸಬೇಕು. ತಿಳಿಸದಿದ್ದರೆ ಅವರು ಅಂದಾಜಿನ ಬಿಲ್ಲು ಕಳುಹಿಸುತ್ತಾರೆ. ನಾನು ತಿಳಿಸಲಿಲ್ಲ, ಹಿಂದಿನ ಬಾಡಿಗೆದಾರನ ಬಳಕೆಯ ಒಂದು ಪಾಲು ನನ್ನ ತಲೆಗೆ ಬಂದಿತು. ಅಂದಿನಿಂದ ನನ್ನ ಹೆಂಡತಿ ಪ್ರತಿ ಭಾನುವಾರ ಬೆಳಿಗ್ಗೆ ಮೀಟರು ನೋಡಿ, ಹಾಲಿನ ಲೆಕ್ಕ ಬರೆಯುವಂತೆ, ಒಂದು ಪುಸ್ತಕದಲ್ಲಿ ಅಂಕಿಗಳನ್ನು ಬರೆದಿಡತೊಡಗಿದಳು.

ಬಿಲ್ಲುಗಳು ಮಾತ್ರ ನನ್ನೊಬ್ಬನ ಹೆಸರಿನಲ್ಲಿಯೇ ಬರುತ್ತಿದ್ದವು. ಸಂಬಳ ನನ್ನದು, ಖಾತೆ ನನ್ನದು, ಬಾಡಿಗೆಯ ಕರಾರಿನ ಮೇಲಿನ ರುಜು ನನ್ನದು. ಅವಳು ಸ್ವಂತ ಖಾತೆಯೊಂದನ್ನು ತೆರೆಯಬೇಕೆಂದಾಗ, ತಿಂಗಳಿಗೆ ಐದಾರು ಲಕೋಟೆಗಳು ಬರುವ ಮನೆಯಲ್ಲಿ ಅವಳ ಹೆಸರಿನ ಒಂದು ಲಕೋಟೆಯೂ ಸಿಗಲಿಲ್ಲ. ಮುಂದೆ ನೋಡೋಣ ಎಂದು ನಾನು ತಳ್ಳಿಹಾಕಿದೆ.

2018ರ ಫೆಬ್ರವರಿಯಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಗಾಗಿ ಹನ್ನೊಂದು ದಿನ ಆಸ್ಪತ್ರೆಯಲ್ಲಿರಬೇಕಾಯಿತು. ಆ ಅವಧಿಯಲ್ಲಿ ವಾಡಿಕೆಗಿಂತ ಮೂರು ಪಟ್ಟು ದೊಡ್ಡದಾದ ವಿದ್ಯುತ್ ಬಿಲ್ಲೊಂದು ಬಂದಿತು. ಮತ್ತೆ ಅದೇ ಅಂದಾಜಿನ ಲೆಕ್ಕ. ಅವಳು ಕಂಪನಿಗೆ ಫೋನು ಮಾಡಿ, ಒಂದೂವರೆ ವರ್ಷದ ಅಂಕಿಗಳು ನನ್ನ ಬಳಿ ಇವೆ, ಓದಿ ಹೇಳುತ್ತೇನೆ ಎಂದಳು. ಖಾತೆದಾರರೊಡನೆ ಮಾತ್ರ ಬಿಲ್ಲಿನ ವಿಷಯ ಮಾತನಾಡಬಹುದು ಎಂದು ಅತ್ತಲಿಂದ ಉತ್ತರ ಬಂದಿತು. ಅಂದು ಮನೆಯಲ್ಲಿದ್ದ ನಗದು ನಲವತ್ತು ಪೌಂಡು. ಬ್ಯಾಂಕಿನ ಕಾರ್ಡು ನನ್ನ ಕೋಟಿನ ಜೇಬಿನಲ್ಲಿ, ಅದರ ಗುಪ್ತಸಂಖ್ಯೆ ನನ್ನ ತಲೆಯಲ್ಲಿ. ಸಂಜೆ ಆಸ್ಪತ್ರೆಗೆ ಬಂದು ಹಾಸಿಗೆಯ ಮೇಲೆ ಬಿಲ್ಲನ್ನೂ ಪುಸ್ತಕವನ್ನೂ ಇಟ್ಟು, "ರೀ, ಮೀಟರಿನ ಅಂಕಿಯೆಲ್ಲ ನನ್ನ ಹತ್ತಿರ ಇದೆ, ಹೆಸರು ಮಾತ್ರ ನಿಮ್ಮದು" ಎಂದಳು. ಅವಳ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಫೋನಿನಲ್ಲಿ ಉತ್ತರಿಸಿದ ಆ ಗುಮಾಸ್ತೆಯದೇನೂ ತಪ್ಪಿಲ್ಲ; ನಿಯಮ ಇರುವುದೇ ಹಾಗೆ. ಜಂಟಿ ಖಾತೆ ಮಾಡಿಸಿ, ನಾಮನಿರ್ದೇಶನ ಮಾಡಿಸಿ ಎಂದು ನೂರಾರು ಗ್ರಾಹಕರಿಗೆ ಉಪದೇಶಿಸಿದ ನಾನು ಸ್ವಂತ ಮನೆಯಲ್ಲಿ ಅದನ್ನು ಮಾಡಿರಲಿಲ್ಲ. ನನ್ನ ಪ್ರಾಣಕ್ಕೇ ಅಪಾಯವಾಗಿದ್ದರೆ ಮಗುವನ್ನು ಕಟ್ಟಿಕೊಂಡು ಆ ಪರದೇಶದಲ್ಲಿ ಅವಳು ಯಾವ ಹೆಸರಿನಿಂದ ಬಾಳಬೇಕಾಗಿತ್ತು? ಕಾಗದಪತ್ರಗಳ ಮಟ್ಟಿಗೆ ಅವಳು ಆ ಮನೆಯಲ್ಲಿ ಇರಲೇ ಇಲ್ಲ.

ಮನೆಗೆ ಬಂದ ಮೇಲೆ ದಾರಿ ಹುಡುಕಿದೆವು. ಬ್ರಿಟನ್ನಿನಲ್ಲಿ ಸಕ್ರಮವಾಗಿ ವಾಸಿಸುವ ಭಾರತೀಯರು ಕಾಮನ್‌ವೆಲ್ತ್ ರಾಷ್ಟ್ರದ ಪ್ರಜೆಗಳಾಗಿ ಅಲ್ಲಿಯ ಮತದಾರರ ಪಟ್ಟಿಗೆ ಹೆಸರು ಸೇರಿಸಬಹುದೆಂಬುದು ನಮ್ಮವರಲ್ಲಿ ಅನೇಕರಿಗೆ ತಿಳಿಯದು. ಸಾಲ ಕೊಡುವವರು ವಿಳಾಸವನ್ನು ಪರೀಕ್ಷಿಸಲು ಆ ಪಟ್ಟಿಯನ್ನೇ ನೋಡುತ್ತಾರೆ. ಅದಕ್ಕೆ ಸೇರಿದಾಗ ಬಂದ ಪತ್ರವೇ ಆ ದೇಶದಲ್ಲಿ ಅವಳ ಹೆಸರಿಗೆ ಬಂದ ಮೊದಲ ಸರಕಾರಿ ಲಕೋಟೆ. ಅನಂತರ ಕೌನ್ಸಿಲಿಗೆ ಬರೆದು ತೆರಿಗೆಯ ಬಿಲ್ಲಿನಲ್ಲಿ ಅವಳ ಹೆಸರನ್ನೂ ಸೇರಿಸಿದೆವು. ಒಂದೇ ಮನೆಯಲ್ಲಿರುವ ಗಂಡಹೆಂಡಿರಿಬ್ಬರೂ ಕಾನೂನಿನಂತೆ ಹೇಗೂ ಅದಕ್ಕೆ ಹೊಣೆ. ಹೊಣೆಯಿರುವಲ್ಲಿ ಹೆಸರೇಕೆ ಬೇಡ? ವಿದ್ಯುತ್ತಿನ ಖಾತೆಯನ್ನು ಅವಳ ಹೆಸರಿಗೇ ಬದಲಿಸಿದೆವು. ಈ ಕಾಗದಗಳ ಆಧಾರದ ಮೇಲೆ ಅವಳದೊಂದು ಸ್ವಂತ ಖಾತೆ, ಇಬ್ಬರದೊಂದು ಜಂಟಿ ಖಾತೆ ಆದವು. ಬೇರೆಯವರು ನನ್ನ ಖಾತೆಯಿಂದ ತಾವಾಗಿ ಹಣ ತೆಗೆದುಕೊಳ್ಳುವ ಡೈರೆಕ್ಟ್ ಡೆಬಿಟ್ ಪದ್ಧತಿಯನ್ನು ಕಂಡರೆ ನನಗೆ ಮೊದಲು ಅಳುಕಿತ್ತು. ಅದರಲ್ಲಿ ತಪ್ಪು ಮೊತ್ತ ಹೋದರೆ ಬ್ಯಾಂಕೇ ಹಿಂದಿರುಗಿಸಬೇಕೆಂಬ ಖಾತರಿಯಿದೆ ಎಂಬುದನ್ನು ಓದಿದ ಮೇಲೆ ಅದಕ್ಕೂ ಒಪ್ಪಿದೆ.

ಜಂಟಿ ಹೆಸರು ಸರ್ವರೋಗಕ್ಕೂ ಮದ್ದೆಂದು ನಾನು ಹೇಳಲಾರೆ. ಹೆಸರಿನ ಹಿಂದೆ ಹೊಣೆಯೂ ಬರುತ್ತದೆ. ಬ್ರಿಟನ್ನಿನಲ್ಲಿ ಜಂಟಿ ಖಾತೆ ತೆರೆದವರ ಸಾಲದ ದಾಖಲೆಗಳು ಒಂದಕ್ಕೊಂದು ಗಂಟು ಬೀಳುತ್ತವೆ. ಒಬ್ಬರ ಅಶಿಸ್ತು ಇನ್ನೊಬ್ಬರಿಗೂ ಅಂಟಬಹುದು. ಆದುದರಿಂದಲೇ ಜಂಟಿ ಖಾತೆಯ ಜೊತೆಗೆ ಅವಳಿಗೆ ಸ್ವಂತ ಖಾತೆಯೂ ಇರಬೇಕೆಂಬುದು ನನ್ನ ಅಭಿಪ್ರಾಯ.

ಇದು ಲಂಡನ್ನಿನ ಮಾತು, ನಮಗೇಕೆ ಎಂದು ವಾಚಕರು ಕೇಳಬಹುದು. 2019ರಲ್ಲಿ ಮುಂಬಯಿಗೆ ಮರಳಿದ ಮೇಲೆ ನನ್ನ ಮೇಜಿನ ಮುಂದೆ ಕುಳಿತ ನಮ್ಮವರನ್ನು ನಾನು ಬೇರೆ ಕಣ್ಣಿನಿಂದ ನೋಡತೊಡಗಿದೆ. ಉಡುಪಿಯಿಂದಲೋ ಧಾರವಾಡದಿಂದಲೋ ಬಂದು ಮೂವತ್ತು ವರ್ಷ ಇಲ್ಲಿ ಸಂಸಾರ ಮಾಡಿದ ಮನೆಗಳಲ್ಲಿ ಲೈಟ್ ಬಿಲ್ಲು, ಗ್ಯಾಸಿನ ಪುಸ್ತಕ, ಸೊಸೈಟಿಯ ಷೇರು ಪತ್ರ ಎಲ್ಲವೂ ಯಜಮಾನರ ಹೆಸರಿನಲ್ಲಿ. ಅವರು ತೀರಿಕೊಂಡ ಮೇಲೆ, ಯಾವ ಯಾವ ಬ್ಯಾಂಕಿನಲ್ಲಿ ಏನಿದೆಯೋ ನನಗೆ ತಿಳಿಯದು ಸ್ವಾಮಿ, ಎಂದು ಕಣ್ಣೀರಿಡುವ ತಾಯಂದಿರನ್ನು ಕಂಡಿದ್ದೇನೆ. ಎರಡು ವರ್ಷ ವ್ಯವಹಾರವಿಲ್ಲದ ಖಾತೆ ನಿಷ್ಕ್ರಿಯವಾಗುತ್ತದೆ; ಹತ್ತು ವರ್ಷ ಯಾರೂ ಕೇಳದ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ವಾರಸುದಾರರು ಅದನ್ನು ಮರಳಿ ಪಡೆಯಬಹುದು. ಹುಡುಕಲು 2023ರಲ್ಲಿ ಉದ್ಗಮ್ ಎಂಬ ವ್ಯವಸ್ಥೆಯೂ ಬಂದಿದೆ. ಆದರೂ ಕಳೆದುಕೊಂಡು ಹುಡುಕುವುದಕ್ಕಿಂತ ತಿಳಿದಿರುವುದು ಲೇಸಲ್ಲವೆ? 2025ರ ನವೆಂಬರ್ 1ರಿಂದ ಠೇವಣಿ ಖಾತೆಗೆ ನಾಲ್ವರವರೆಗೆ ನಾಮನಿರ್ದೇಶನ ಮಾಡಬಹುದಾಗಿದೆ. ಹಲವರ ಹಳೆಯ ಖಾತೆಗಳಲ್ಲಿ ಒಂದು ಹೆಸರೂ ಇಲ್ಲ.

ಈಗ ಎಲ್ಲವೂ ಫೋನಿನಲ್ಲಿಯೇ ತಾನಾಗಿ ನಡೆಯುತ್ತದೆ, ಇಷ್ಟೆಲ್ಲ ಚಿಂತೆ ಏಕೆ ಎನ್ನುವ ತರುಣರಿದ್ದಾರೆ. ನನ್ನ ಅನುಭವದಲ್ಲಿ ಅಪಾಯ ಹೆಚ್ಚಿರುವುದೇ ಅಲ್ಲಿ. ಕಾಗದದ ಬಿಲ್ಲು ಬಾಗಿಲ ಬಳಿ ಬಿದ್ದಿದ್ದರೆ ಮನೆಮಂದಿಯೆಲ್ಲ ನೋಡುತ್ತಿದ್ದರು. ಫೋನಿನೊಳಗಿನ ಬಿಲ್ಲನ್ನು ಕಾಣುವವನು ಒಬ್ಬನೇ; ಅವನು ಮಲಗಿದರೆ ಅದೂ ಮಲಗುತ್ತದೆ.

ಮಕ್ಕಳನ್ನು ಪರದೇಶಕ್ಕೆ ಕಳುಹಿಸಿರುವ ತಂದೆತಾಯಿಗಳಿಗೆ ಒಂದು ಮಾತು. ಮಗನು ಉದ್ಯೋಗಕ್ಕಾಗಿ ಹೊರದೇಶಕ್ಕೆ ಹೋದ ಮೇಲೆ ಇಲ್ಲಿರುವ ಅವನ ಸಾಮಾನ್ಯ ಉಳಿತಾಯ ಖಾತೆಯನ್ನು ಹಾಗೆಯೇ ನಡೆಸಕೂಡದು. ಅದನ್ನು ಅನಿವಾಸಿಗಳ ಎನ್‌ಆರ್‌ಓ ಖಾತೆಯಾಗಿ ಬದಲಿಸಬೇಕು. ಅವನ ಕಾರ್ಡು ಮತ್ತು ಗುಪ್ತಸಂಖ್ಯೆ ಇಟ್ಟುಕೊಂಡು ತಿಂಗಳ ಖರ್ಚು ತೆಗೆಯುವ ರೂಢಿ ನಮ್ಮಲ್ಲಿ ಬಹಳವಿದೆ. ಅದರ ಬದಲು ಪವರ್ ಆಫ್ ಅಟಾರ್ನಿ ಎಂಬ ಅಧಿಕಾರಪತ್ರವನ್ನು ಬ್ಯಾಂಕಿಗೆ ಕೊಡಿಸಿದರೆ ಅದೇ ಕೆಲಸ ರಾಜಮಾರ್ಗದಲ್ಲಿ ನಡೆಯುತ್ತದೆ. ಸೊಸೆ ಜೊತೆಯಲ್ಲಿ ಹೋಗಿದ್ದರೆ, ಅಲ್ಲಿಯ ಬಿಲ್ಲುಗಳಲ್ಲಿ ಅವಳ ಹೆಸರಿದೆಯೇ ಎಂದು ಮುಂದಿನ ಫೋನಿನಲ್ಲಿ ಮಗನನ್ನು ಕೇಳಿರಿ. ಉಪ್ಪಿನಕಾಯಿ ತಲುಪಿತೇ ಎಂದು ಕೇಳುವ ಮೊದಲು ಕೇಳಿರಿ.

ನಮ್ಮ ಮನೆಯಲ್ಲಿ ಆ ಮೀಟರಿನ ಪುಸ್ತಕ ಇಂದಿಗೂ ಇದೆ. ಅದರ ಹಿಂದಿನ ಪುಟಗಳಲ್ಲಿ ನಮ್ಮ ಖಾತೆಗಳು, ವಿಮೆಗಳು, ಸೊಸೈಟಿಯ ಬಾಕಿ, ಯಾರನ್ನು ಕೇಳಬೇಕು ಎಂಬ ವಿವರಗಳಿವೆ. ಗುಪ್ತಸಂಖ್ಯೆಗಳು ಮಾತ್ರ ಇಲ್ಲ. ತಿಂಗಳ ಮೊದಲ ಭಾನುವಾರ ಇಬ್ಬರೂ ಕುಳಿತು ಅದನ್ನು ತಿದ್ದುತ್ತೇವೆ. ಮಗಳಿಗೆ ಈಗ ಹದಿನಾರು ತುಂಬಿದೆ. ಕಳೆದ ವರ್ಷದಿಂದ ಅವಳೂ ಪಕ್ಕದಲ್ಲಿ ಕುಳಿತುಕೊಳ್ಳುತ್ತಾಳೆ. ಈ ಸಂಚಿಕೆಯನ್ನು ಓದಿ ರಕ್ತದೊತ್ತಡ ಪರೀಕ್ಷಿಸಿಕೊಳ್ಳಲು ಹೊರಡುವವರು, ಹೊರಡುವ ಮುನ್ನ ಮನೆಯ ಲೈಟ್ ಬಿಲ್ಲನ್ನೊಮ್ಮೆ ತೆಗೆದು ಅದರ ಮೇಲೆ ಯಾರ ಹೆಸರಿದೆಯೆಂದು ನೋಡಬೇಕಾಗಿ ವಿನಂತಿ.