ಊರಾಚೆ ಕಳಿಸಿದರೆ ಗಿರಾಕಿ ಎಲ್ಲಿಂದ?

‘ಹೊಸಪೇಟೆ ಈಗ ಜಿಲ್ಲಾ ಕೇಂದ್ರ, ತಳ್ಳುಗಾಡಿಗಳನ್ನು ಊರಾಚೆ ಸಾಗಿಸಿ’ ಎಂಬ ಕಳೆದ ಸಂಚಿಕೆಯ ಲೇಖನ ಓದಿದೆ. 2021ರಲ್ಲಿ ಜಿಲ್ಲೆಯಾಯಿತು, ಸರಿ. ಆದರೆ ಬಸ್ ನಿಲ್ದಾಣದ ಬಳಿ ಒಗ್ಗರಣೆ-ಮಿರ್ಚಿ ಮಾರುವಾಕೆಯ ಗಿರಾಕಿಗಳು ಯಾರು? ಕಂಪ್ಲಿ ಬಸ್ಸಿಳಿದ ಗಾರೆ ಕೆಲಸದವರು, ಸಂಡೂರಿನ ಗಣಿ ಲಾರಿಯ ಕ್ಲೀನರ್‌ಗಳು. ನಾಲ್ಕು ಮಿರ್ಚಿಗಾಗಿ ಅವರು ಊರಾಚೆ ನಡೆದು ಹೋಗುತ್ತಾರೆಯೇ? ಆಕೆ ಅಲ್ಲಿ ಬಾಣಲೆ ಇಟ್ಟು ಕೂತರೆ ಏರುವುದು ಸಾಲದ ಬಡ್ಡಿ ಮಾತ್ರ.

ಆ ಲೇಖನಕ್ಕೆ ಹಂಪಿಯೇ ಮಾದರಿಯಂತೆ! 2011ರ ಜುಲೈನಲ್ಲಿ ವಿರೂಪಾಕ್ಷ ಗುಡಿ ಮುಂದಿನ ಸಾಲುಮಂಟಪಗಳಲ್ಲಿ ಬದುಕು ಕಟ್ಟಿಕೊಂಡವರ ಮನೆ-ಅಂಗಡಿಗಳ ಮೇಲೆ ಬುಲ್ಡೋಜರ್ ಹರಿಯಿತು. ಮಂಟಪಕ್ಕೆ ಗೋಡೆ ಎಬ್ಬಿಸಿದ್ದು ತಪ್ಪೇ, ಒಪ್ಪೋಣ. ಆದರೆ 16ನೇ ಶತಮಾನದಲ್ಲಿ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಬೆರಗಾಗಿ ಬರೆದದ್ದು ಗಿಜಿಗುಡುವ ಪೇಟೆಯ ಬಗ್ಗೆ, ಖಾಲಿ ಕಂಬಗಳ ಬಗ್ಗೆಯಲ್ಲ.

ಇನ್ನು ಕಾನೂನು. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಂತೆ ಸಮೀಕ್ಷೆ ಮುಗಿದು ಎಲ್ಲರಿಗೂ ಪ್ರಮಾಣಪತ್ರ ಸಿಗುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು. 50 ವರ್ಷ ದಾಟಿದ ಬೀದಿ ಮಾರುಕಟ್ಟೆಯನ್ನು ಪಾರಂಪರಿಕ ಎಂದು ಘೋಷಿಸಬೇಕು, ಅಲ್ಲಿಂದ ಸ್ಥಳಾಂತರ ಕೂಡದು. ಪರಂಪರೆಯ ಹೆಸರಲ್ಲಿ ಎತ್ತಂಗಡಿ ಕೇಳುವವರು ಈ ಸಾಲು ಓದಿದಂತಿಲ್ಲ.

ನಗರಸಭೆಯನ್ನು ಕೇಳಬೇಕಾದ್ದು ಬೇರೆ: ನಿಲ್ದಾಣದ ಹತ್ತಿರವೇ ಗುರುತು ಹಾಕಿದ ಜಾಗ, ನಲ್ಲಿ ನೀರು, ಕಸದ ಡಬ್ಬಿ, ಹೆಂಗಸರಿಗೊಂದು ಶೌಚಾಲಯ. ಸಂಚಾರಕ್ಕೆ ಅಡ್ಡಿ ಎನ್ನುವವರು ಅಂಗಡಿಗಳ ಮುಂದೆ ನಿಂತ ಕಾರುಗಳನ್ನೂ ಒಮ್ಮೆ ಎಣಿಸಲಿ.