ನೋವು ನೀಗುವ ವಿದ್ಯೆ

ಅಮೆರಿಕದ ಔಷಧ ನಿಯಂತ್ರಣ ಇಲಾಖೆಯು 2025ರ ಜನವರಿಯಲ್ಲಿ ಸುಜೆಟ್ರಿಜೀನ್ ಎಂಬ ಹೊಸ ನೋವುನಿವಾರಕ ಗುಳಿಗೆಗೆ ಅನುಮತಿ ನೀಡಿತು. ಅದು ಅಫೀಮಿನ ವರ್ಗಕ್ಕೆ ಸೇರದ ಮದ್ದು ಎಂಬುದೇ ಅಲ್ಲಿನವರ ಸಂತೋಷಕ್ಕೆ ಕಾರಣ. 1996ರಲ್ಲಿ ಆಕ್ಸಿಕಾಂಟಿನ್ ಮಾರುಕಟ್ಟೆಗೆ ಬಂದ ಮೇಲೆ ಇಂತಹ ಗುಳಿಗೆಗಳನ್ನು ಸಾಮಾನ್ಯ ನೋವಿಗೂ ಧಾರಾಳವಾಗಿ ಬರೆದುಕೊಟ್ಟ ದೇಶವದು. 2021ರ ಒಂದೇ ವರ್ಷದಲ್ಲಿ ಅಲ್ಲಿ ಮಾದಕ ದ್ರವ್ಯಗಳ ಅತಿಸೇವನೆಯಿಂದ ಸತ್ತವರ ಸಂಖ್ಯೆ ಒಂದು ಲಕ್ಷವನ್ನು ಮೀರಿತು. ಅವರಲ್ಲಿ ಬಹುಪಾಲು ಜನರನ್ನು ಕೊಂದದ್ದು ಕಳ್ಳಮಾರುಕಟ್ಟೆಯ ಫೆಂಟಾನಿಲ್. ಆದರೆ ಅನೇಕರ ಚಟದ ಮೊದಲ ಗುಳಿಗೆ ವೈದ್ಯರ ಚೀಟಿಯಿಂದಲೇ ಬಂದಿತ್ತು.

ಹೊಸ ಗುಳಿಗೆಯ ಸುದ್ದಿ ನಮ್ಮ ಪತ್ರಿಕೆಗಳಿಗೂ ತಲುಪಿತು. ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿ, ಅದೂ ಒಂದು ಕಥೋಲಿಕ ಆಸ್ಪತ್ರೆಯಲ್ಲಿ ನಡೆದದ್ದು, ನಮ್ಮಲ್ಲಿ ಹೆಚ್ಚಿನವರ ಗಮನಕ್ಕೆ ಬಂದಂತಿಲ್ಲ.

ನ್ಯೂಜೆರ್ಸಿ ರಾಜ್ಯದ ಪ್ಯಾಟರ್ಸನ್ ನಗರದಲ್ಲಿ ಧರ್ಮಭಗಿನಿಯರು 1867ರಲ್ಲಿ ಆರಂಭಿಸಿದ ಸಂತ ಜೋಸೆಫರ ಆಸ್ಪತ್ರೆಯಿದೆ. ಅಲ್ಲಿನ ತುರ್ತು ಚಿಕಿತ್ಸಾ ವಿಭಾಗದ ಮುಖ್ಯಸ್ಥರಾಗಿದ್ದ ಡಾ. ಮಾರ್ಕ್ ರೋಸೆನ್‌ಬರ್ಗ್ ಮತ್ತು ತೀವ್ರ ನೋವಿನ ಚಿಕಿತ್ಸೆಯಲ್ಲೇ ಉನ್ನತ ತರಬೇತಿ ಪಡೆದ ಡಾ. ಅಲೆಕ್ಸಿಸ್ ಲಾಪಿಯೆತ್ರಾ ಸೇರಿ 2016ರ ಜನವರಿಯಲ್ಲಿ ಹೊಸ ಕ್ರಮವೊಂದನ್ನು ಜಾರಿಗೆ ತಂದರು. ಮೂತ್ರಪಿಂಡದ ಕಲ್ಲಿನ ನೋವಿಗೆ ರಕ್ತನಾಳದ ಮೂಲಕ ಲಿಡೋಕೇನ್. ಮೂಳೆ ಮುರಿದವರಿಗೆ ಅಲ್ಟ್ರಾಸೌಂಡಿನಲ್ಲಿ ನರವನ್ನು ಗುರುತಿಸಿ, ಅದರ ಸುತ್ತ ಮರಗಟ್ಟಿಸುವ ಚುಚ್ಚುಮದ್ದು. ಬಿಗಿದ ಸ್ನಾಯುವಿಗೆ ಆ ಜಾಗದಲ್ಲೇ ಇಂಜೆಕ್ಷನ್. ಕೆಲವರಿಗೆ ನಗೆ ಅನಿಲ. ರೋಗಿಗಳ ಬಳಿ ಹಾರ್ಪ್ ವಾದ್ಯ ನುಡಿಸುವವರೂ ಇದ್ದರು. ನಗಬೇಡಿ, ದುಃಖಕ್ಕೆ ಮದ್ದು ಯಾವುದೆಂದು ಚರ್ಚಿಸುವಾಗ ಸಂತ ಥಾಮಸ್ ಅಕ್ವೈನಾಸರು ಕಣ್ಣೀರು, ಗೆಳೆಯರ ಅನುಕಂಪ, ಸತ್ಯದ ಧ್ಯಾನ ಇವುಗಳ ಸಾಲಿನಲ್ಲೇ ನಿದ್ರೆ ಮತ್ತು ಸ್ನಾನವನ್ನೂ ಸೇರಿಸಿದ್ದಾರೆ! ಸೆಮಿನರಿಯಲ್ಲಿ ಇದನ್ನು ಓದಿದಾಗ ನಾವೂ ನಕ್ಕಿದ್ದೆವು.

ಮಾರ್ಫೀನ್ ವರ್ಗದ ಮದ್ದುಗಳನ್ನು ಅವರು ಬಹಿಷ್ಕರಿಸಲಿಲ್ಲ, ಅಗತ್ಯವಿದ್ದವರಿಗೆ ಕೊಟ್ಟರು. ಆದರೂ ಅವುಗಳ ಬಳಕೆ ಅರ್ಧಕ್ಕಿಂತ ಹೆಚ್ಚು ಇಳಿಯಿತೆಂದು ಆಸ್ಪತ್ರೆ ವರದಿ ಮಾಡಿತು. 2018ರ ಅಕ್ಟೋಬರಿನಲ್ಲಿ ಅಮೆರಿಕದ ಸಂಸತ್ತು ಅಂಗೀಕರಿಸಿದ ಕಾಯ್ದೆಯೊಂದು ಈ ಮಾದರಿಯನ್ನು ಇತರ ಆಸ್ಪತ್ರೆಗಳಿಗೂ ವಿಸ್ತರಿಸಲು ಅವಕಾಶ ಮಾಡಿಕೊಟ್ಟಿತು.

ಇಲ್ಲಿ ನಾವು ಗಮನಿಸಬೇಕಾದುದು ಮದ್ದನ್ನಲ್ಲ, ಮದ್ದು ಕೊಡುವವರ ಕಲಿಕೆಯನ್ನು. ಲಿಡೋಕೇನ್ ಹಳೆಯ ಮದ್ದು. ಅದರ ಪ್ರಮಾಣ ತಪ್ಪಿದರೆ ಹೃದಯದ ಬಡಿತವೇ ಕೆಡಬಹುದು. ಸೂಜಿ ನರದ ಹತ್ತಿರ ಹೋಗಬೇಕು, ನರಕ್ಕೆ ಚುಚ್ಚಬಾರದು. ಅನುಕಂಪವೊಂದೇ ಇದ್ದರೆ ಇದು ಸಾಧ್ಯವಿಲ್ಲ. ಆದುದರಿಂದಲೇ ತುರ್ತು ವೈದ್ಯರು ತಮ್ಮ ಸ್ನಾತಕೋತ್ತರ ಪದವಿಯ ಮೇಲೆ ಮತ್ತೂ ತರಬೇತಿ ಪಡೆಯುತ್ತಾರೆ.

ನಮ್ಮ ದೇಶದ ಕಥೆ ತದ್ವಿರುದ್ಧ. ಕಾನೂನುಬದ್ಧವಾಗಿಯೇ ಅಫೀಮು ಬೆಳೆಯುವ ಭಾರತದಲ್ಲಿ, 1985ರ ಮಾದಕ ದ್ರವ್ಯ ಕಾಯ್ದೆಯ ಪರವಾನಗಿಗಳ ತೊಡಕಿನಿಂದ ಮಾರ್ಫೀನ್ ರೋಗಿಯ ಹಾಸಿಗೆಯ ತನಕ ಬರುವುದೇ ಕಷ್ಟವಾಯಿತು. 2014ರ ತಿದ್ದುಪಡಿ ಆ ತೊಡಕನ್ನು ಸಡಿಲಿಸಿತಾದರೂ ಅಭ್ಯಾಸಗಳು ಅಷ್ಟು ಬೇಗ ಸಡಿಲವಾಗುವುದಿಲ್ಲ. ತುರ್ತು ವೈದ್ಯಶಾಸ್ತ್ರಕ್ಕೆ ಇಲ್ಲಿ ಪ್ರತ್ಯೇಕ ಶಾಖೆಯ ಮಾನ್ಯತೆ ದೊರೆತದ್ದೇ 2009ರಲ್ಲಿ. ಹೊಟ್ಟೆನೋವೆಂದು ಬಂದವರಿಗೆ ಮದ್ದು ಕೊಟ್ಟರೆ ರೋಗವೇ ಮರೆಯಾಗುವುದೆಂಬ ಹಳೆಯ ಪಾಠವನ್ನು ಅಧ್ಯಯನಗಳು ಅಲ್ಲಗಳೆದು ವರುಷಗಳೇ ಕಳೆದರೂ, ಆ ಭಯ ಇನ್ನೂ ಅಳಿದಿಲ್ಲ.

ವೈದ್ಯರನ್ನಷ್ಟೇ ದೂರಿ ಪ್ರಯೋಜನವಿಲ್ಲ. ಕೆಲ ವರುಷಗಳ ಹಿಂದೆ ಒಂದು ಮಳೆಗಾಲದ ಸಂಜೆ, ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡ ವೃದ್ಧೆಯೊಬ್ಬರಿಗೆ ರೋಗಿಗಳ ಅಭ್ಯಂಗ ಸಂಸ್ಕಾರ ನೀಡಲು ನಾವು ಆಸ್ಪತ್ರೆಯೊಂದಕ್ಕೆ ಹೋಗಿದ್ದೆವು. ಮೂಳೆಯ ಡಾಕ್ಟರು ಬೆಳಿಗ್ಗೆ ಬರುತ್ತಾರೆಂದರು. ಹಾಸಿಗೆ ಅಲುಗಿದಾಗಲೆಲ್ಲ ಆಕೆ ಕೂಗುತ್ತಿದ್ದರು. ನಾವು ಆಕೆಯ ಕೈಯಲ್ಲಿ ಶಿಲುಬೆಯನ್ನಿಟ್ಟು, "ಯೇಸುಸ್ವಾಮಿಗೆ ಒಪ್ಪಿಸಿಬಿಡಿ ಅಮ್ಮಾ" ಎಂದು ಹೇಳಿ ಮನೆಗೆ ಬಂದು ನಿದ್ರಿಸಿದೆವು. ತೊಡೆಸಂದಿಯ ಬಳಿ ಒಂದೇ ಚುಚ್ಚುಮದ್ದಿನಿಂದ ಆ ರಾತ್ರಿಯನ್ನು ಸಹ್ಯಗೊಳಿಸಬಹುದಿತ್ತೆಂದು ನಮಗೆ ತಿಳಿದದ್ದು ಬಹಳ ತಡವಾಗಿ.

ಧರ್ಮಸಭೆ ಹಾಗೆ ಹೇಳು ಎಂದು ನಮಗೆ ಕಲಿಸಿರಲಿಲ್ಲ. ಜಗದ್ಗುರು ಹನ್ನೆರಡನೇ ಪಿಯುಸರು 1957ರ ಫೆಬ್ರವರಿ 24ರಂದು ಅರಿವಳಿಕೆ ತಜ್ಞರೊಡನೆ ಮಾತನಾಡುತ್ತಾ, ನೋವನ್ನು ಶಮನಗೊಳಿಸುವುದು ನೀತಿಗೆ ವಿರುದ್ಧವಲ್ಲವೆಂದು ಸ್ಪಷ್ಟಪಡಿಸಿದ್ದರು. ಬೇರೆ ದಾರಿ ಇಲ್ಲದಾಗ, ಶಮನದ ಉದ್ದೇಶದಿಂದಲೇ ಕೊಟ್ಟ ಮದ್ದು ಆಯುಷ್ಯವನ್ನು ಮೊಟಕುಗೊಳಿಸುವ ಸಂಭವವಿದ್ದರೂ ಅದು ನಿಷಿದ್ಧವಲ್ಲ ಎಂದೂ ಹೇಳಿದ್ದರು. ನೋವನ್ನು ಕಾಣಿಕೆಯಾಗಿ ಒಪ್ಪಿಸುವ ಹಕ್ಕು ಅದನ್ನು ಅನುಭವಿಸುವವರದು, ಮಗ್ಗುಲಲ್ಲಿ ನಿಂತವರದಲ್ಲ. ಕಲ್ವಾರಿಯಲ್ಲಿ ಯೇಸುಸ್ವಾಮಿ ರಕ್ತಬೋಳ ಬೆರೆಸಿದ ದ್ರಾಕ್ಷಾರಸವನ್ನು ತಮಗೆ ಬೇಡವೆಂದರೇ ಹೊರತು, ಪಕ್ಕದ ಶಿಲುಬೆಗಳಲ್ಲಿದ್ದವರಿಗೆ ಕೊಡಬೇಡಿ ಎನ್ನಲಿಲ್ಲ.

ನಮ್ಮ ಧರ್ಮಕ್ಷೇತ್ರಗಳೂ ಧರ್ಮಭಗಿನಿಯರ ಸಭೆಗಳೂ ನಡೆಸುವ ಆಸ್ಪತ್ರೆಗಳಲ್ಲಿ ಹೊಸ ಕಟ್ಟಡಗಳ ಉದ್ಘಾಟನೆಗೆ ನಾವು ಹೋಗುತ್ತಿರುತ್ತೇವೆ, ಪವಿತ್ರ ಜಲ ಪ್ರೋಕ್ಷಿಸುತ್ತೇವೆ. ಮುಂದಿನ ಸಲ ಆಡಳಿತದವರನ್ನು ಕೇಳಬೇಕೆಂದಿದ್ದೇವೆ: ರಾತ್ರಿ ಪಾಳಿಯಲ್ಲಿ ನರ ಮರಗಟ್ಟಿಸುವ ಇಂಜೆಕ್ಷನ್ ಕೊಡಬಲ್ಲ ವೈದ್ಯರು ಎಷ್ಟು ಮಂದಿ? ತುರ್ತು ವಿಭಾಗದ ಅಲ್ಟ್ರಾಸೌಂಡ್ ಯಂತ್ರವನ್ನು ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಡಿ ನೋಂದಾಯಿಸಲಾಗಿದೆಯೇ? ಆ ಕಾಯ್ದೆ ಬೇಕಾದದ್ದೇ, ಆದರೆ ನೋಂದಣಿಯ ಕಾಗದಪತ್ರಕ್ಕೆ ಬೇಸತ್ತು ಯಂತ್ರವನ್ನೇ ದೂರವಿಟ್ಟರೆ ರೋಗಿ ನರಳಬೇಕಾಗುತ್ತದೆ. ಯುವ ವೈದ್ಯರೊಬ್ಬರನ್ನು ತರಬೇತಿಗೆ ಕಳುಹಿಸುವ ಖರ್ಚು, ಉದ್ಘಾಟನೆಯ ಪೆಂಡಾಲು ಮತ್ತು ಊಟದ ಖರ್ಚಿಗಿಂತ ಎಷ್ಟು ಹೆಚ್ಚು ಎಂಬುದನ್ನೂ ಕೇಳುವವರಿದ್ದೇವೆ.