ಮಾನವತಾವಾದ ಅಂದ್ರೆ ಬರೀ ಮರುಕ ಅಲ್ಲ

ವೈಜ್ಞಾನಿಕ ಮನೋಭಾವ, ಮಾನವತಾವಾದ, ಪ್ರಶ್ನಿಸುವ ಮತ್ತು ಸುಧಾರಿಸುವ ಪ್ರವೃತ್ತಿ ಬೆಳೆಸಿಕೊಳ್ಳುವುದು ಪ್ರತಿ ನಾಗರಿಕರ ಮೂಲಭೂತ ಕರ್ತವ್ಯ ಅನ್ನುತ್ತೆ ನಮ್ಮ ಸಂವಿಧಾನದ 51ಎ(ಹೆಚ್) ವಿಧಿ. ಇದನ್ನು ಸೇರಿಸಿದ್ದು 1976ರ 42ನೇ ತಿದ್ದುಪಡಿ. ಅಂದರೆ, ಪ್ರಶ್ನೆ ಕೇಳಿದವರು ಜೈಲಲ್ಲಿದ್ದ ತುರ್ತು ಪರಿಸ್ಥಿತಿಯ ಕಾಲ! ಆ ವ್ಯಂಗ್ಯ ಹಾಗಿರಲಿ. ಈ ಪಟ್ಟಿಯಲ್ಲಿರುವ ಮಾನವತಾವಾದವನ್ನು ನಾವು ‘ಎಲ್ಲರನ್ನೂ ಪ್ರೀತಿಸಿ’ ಅನ್ನೋ ಹಬ್ಬದ ಶುಭಾಶಯ ಮಾಡಿಟ್ಟಿದ್ದೇವೆ. ಪದದ ಬೇರು ಹುಡುಕಿ ಹೋದರೆ ಸಿಗೋದು ಬೇರೆಯೇ ಕಥೆ.

ರಿನೈಸಾನ್ಸ್ ಕಾಲದ ಇಟಲಿಯಲ್ಲಿ ‘ಉಮಾನಿಸ್ತಾ’ ಅಂದರೆ ವ್ಯಾಕರಣ, ಕಾವ್ಯ, ಇತಿಹಾಸ, ನೀತಿಶಾಸ್ತ್ರ ಕಲಿಸುವ ಮೇಷ್ಟ್ರು. ದೇವರನ್ನು ಬಿಟ್ಟವರೇನಲ್ಲ, ಬಹುಪಾಲು ಕ್ರೈಸ್ತ ಭಕ್ತರೇ. ಆದರೆ ಹಳೆಯ ಹಸ್ತಪ್ರತಿ ಕೈಗೆ ಸಿಕ್ಕರೆ ಕೈಮುಗಿದು ಸುಮ್ಮನಾಗುತ್ತಿರಲಿಲ್ಲ, ಪದಪದವನ್ನೂ ಕೆದಕುತ್ತಿದ್ದರು.

ಲೊರೆಂಜೊ ವಲ್ಲಾ ಅಂಥವನು. ನಾಲ್ಕನೇ ಶತಮಾನದ ಚಕ್ರವರ್ತಿ ಕಾನ್‌ಸ್ಟಂಟೈನ್ ರೋಮ್ ಮತ್ತು ಪಶ್ಚಿಮದ ಸಾಮ್ರಾಜ್ಯವನ್ನೇ ಪೋಪ್‌ಗೆ ಬರೆದುಕೊಟ್ಟ ಅನ್ನೋ ದಾನಪತ್ರವೊಂದಿತ್ತು. ಚರ್ಚು ತನ್ನ ರಾಜಕೀಯ ಅಧಿಕಾರಕ್ಕೆ ಅದನ್ನೇ ತೋರಿಸುತ್ತಿತ್ತು. 1440ರಲ್ಲಿ ವಲ್ಲಾ ಅದರ ಲ್ಯಾಟಿನ್ ಭಾಷೆಯನ್ನೇ ಹಿಡಿದು ನಕಲಿ ಅಂತ ತೋರಿಸಿದ. ರೋಮ್‌ನ ಅಧಿಕಾರಿಗಳನ್ನು ಅದು ‘ಸತ್ರಪ’ರು ಅನ್ನುತ್ತೆ; ಕಾನ್‌ಸ್ಟಂಟೈನನ ಕಾಲದಲ್ಲಿ ಹಾಗೆ ಯಾರು ಕರೀತಿದ್ರು? (ಇಂದಿನ ಫ್ಯಾಕ್ಟ್‌ಚೆಕ್ ಮಂದಿ ಇವನ ಫೋಟೊ ಆಫೀಸಲ್ಲಿ ಹಾಕ್ಕೋಬೇಕು.) ಅದು ಎಂಟನೇ ಶತಮಾನದ ಆಸುಪಾಸಿನ ಸೃಷ್ಟಿ ಎಂಬುದು ಇಂದಿನ ಇತಿಹಾಸಕಾರರ ಅಭಿಪ್ರಾಯ.

ಹಾಗಂತ ವಲ್ಲಾನನ್ನು ಒಂಟಿ ಹೀರೋ ಮಾಡೋದು ಬೇಡ. ಅವನು ಕೆಲಸಕ್ಕಿದ್ದದ್ದು ಪೋಪ್ ಜತೆ ಜಗಳದಲ್ಲಿದ್ದ ದೊರೆ ಅಲ್ಫಾನ್ಸೊ ಬಳಿ. 1444ರಲ್ಲಿ ಧರ್ಮವಿಚಾರಣೆಗೆ ಸಿಕ್ಕಿಬಿದ್ದಾಗ ಬಿಡಿಸಿಕೊಂಡು ಬಂದದ್ದೂ ಅದೇ ದೊರೆ. ಮುಂದೆ ಸ್ವತಃ ಪೋಪ್ ಕಚೇರಿಯಲ್ಲೇ ಅವನಿಗೆ ನೌಕರಿ ಸಿಕ್ಕಿತು.

ನಮ್ಮಲ್ಲಿ ಈ ಹಳೇ ಅರ್ಥದ ಮಾನವತಾವಾದಿ ಯಾರು ಅಂತ ಕೇಳಿದರೆ ನನಗೆ ನೆನಪಾಗೋದು ಎಂ.ಎಂ. ಕಲಬುರ್ಗಿ ಮೇಷ್ಟ್ರು. ಅವರದ್ದೂ ಶಾಸನ, ವಚನ, ಹಸ್ತಪ್ರತಿ ಓದುವ ಕೆಲಸವೇ. ಓದಿ ಕಂಡದ್ದನ್ನು ಬರೆದದ್ದಕ್ಕೆ 1989ರಲ್ಲಿ ಒತ್ತಡಕ್ಕೆ ಮಣಿದು ಮಾತು ಹಿಂತೆಗೆದುಕೊಳ್ಳಬೇಕಾಯಿತು. 2015ರ ಆಗಸ್ಟ್ 30ರಂದು ಧಾರವಾಡದ ಮನೆಯಲ್ಲೇ ಅವರನ್ನು ಗುಂಡಿಟ್ಟು ಕೊಂದರು.

ವಲ್ಲಾನನ್ನು ಕಾಪಾಡಿದ್ದು ಯಾವ ಆದರ್ಶವೂ ಅಲ್ಲ, ಒಬ್ಬ ದೊರೆಯ ಸ್ವಂತ ಲೆಕ್ಕಾಚಾರ. ಪ್ರಜಾಪ್ರಭುತ್ವದಲ್ಲಿ ಆ ಜಾಗದಲ್ಲಿ ಕಾನೂನು ನಿಲ್ಲಬೇಕಿತ್ತು. ಆದರೆ 51ಎ ಹೇಳೋದು ಕರ್ತವ್ಯವನ್ನಷ್ಟೇ. ಅದನ್ನು ನಿಜಕ್ಕೂ ಪಾಲಿಸಿದವರ ಬೆನ್ನಿಗೆ ಯಾರು ನಿಲ್ಲಬೇಕು ಅನ್ನೋದರ ಬಗ್ಗೆ ಆ ವಿಧಿಯಲ್ಲಿ ಒಂದು ಪದವೂ ಇಲ್ಲ.